ಭಾವ ಸೀಟಿನಿಂದ ಏಳಲೇ ಇಲ್ಲ

ತಮ್ಮಾ,

ಅಳಿಯಂದಿರು ಫೋನಿನಲ್ಲಿ ನಿನಗೆ ವಿಷಯವನ್ನಷ್ಟೇ ತಿಳಿಸಿದರು, ನಡೆದದ್ದನ್ನು ನಾನೇ ಹೇಳಬೇಕು. ಮಗಳ ಬಾಣಂತನಕ್ಕೆಂದು ಈ ಪರದೇಶಕ್ಕೆ ಬಂದವಳು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಅಷ್ಟು ದೂರದ ಪ್ರಯಾಣ, ವಿಮಾನದಲ್ಲಿ ನಮಗೆ ಜೋಡಿ ಸೀಟು ಸಿಗಲಿಲ್ಲ. ನಿನ್ನ ಭಾವ ಕಿಟಕಿ ಪಕ್ಕ, ನಾನು ಅವರ ಹಿಂದೆ. ಅವರ ಪಕ್ಕದ ಹೆಂಗಸಿನ ಕೂಸು ಅತ್ತೂ ಅತ್ತೂ ಕೊನೆಗೆ ಇವರ ತೊಡೆಯ ಮೇಲೆ ನಿದ್ದೆಹೋಯಿತು.

"ರೀ, ಒಂದ್ಸಲ ಎದ್ದು ಓಡಾಡಿ, ಕಾಲು ಮರಗಟ್ಟುತ್ತೆ" ಎಂದೆ.

"ಸುಮ್ನಿರೇ, ಕೂಸು ಎದ್ರೆ ಆ ತಾಯಿಗೂ ನಿದ್ದೆ ಇಲ್ಲ. ಟೈಲರ್ ಕಣೇ ನಾನು, ಕೂರೋದು ನಂಗೆ ಹೊಸದಾ?" ಎಂದು ನಕ್ಕರು. ಅಂಗಡಿಯಲ್ಲಿ ಕೂತರೂ ಅವರ ಕಾಲು ಮಷಿನ್ ತುಳಿಯುತ್ತಲೇ ಇರುತ್ತದೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಏಳಬೇಕಾದೀತೆಂದು ನೀರು ಸಹ ಕುಡಿಯಲಿಲ್ಲ.

ಇಳಿಯುವಾಗ ಎಡಗಾಲು ಊದಿ ಚಪ್ಪಲಿಗೆ ಹಿಡಿಸಲಿಲ್ಲ. ಹೊರಗೆ ತುಂಬು ಬಸುರಿ ಮಗಳನ್ನು ಕಂಡು ಕೈಯೆತ್ತಿದವರು ಹಾಗೇ ಕುಸಿದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆಯಂತೆ. ಈಗ ಯಂತ್ರವೇ ಅವರನ್ನು ಉಸಿರಾಡಿಸುತ್ತಿದೆ. ಕರೆದರೆ ರೆಪ್ಪೆಯೂ ಅಲುಗುವುದಿಲ್ಲ. ಡಾಕ್ಟರು ನನ್ನ ಮುಖ ನೋಡದೆ ಅಳಿಯಂದಿರ ಜೊತೆ ಮಾತಾಡಿ ಹೋಗುತ್ತಾರೆ. ಭಾಷೆ ಬಾರದಿದ್ದರೂ ನನಗೆ ಅರ್ಥವಾಗುತ್ತದೆ.

ನನ್ನ ಬಿಪಿ ಮಾತ್ರೆ ಸಾಕಷ್ಟಿದೆ, ಆ ಚಿಂತೆ ಬೇಡ. ಮುಂದಿನ ತಿಂಗಳು ನೀನು ಇಲ್ಲಿಗೆ ಬರುವಾಗ ವಿಮಾನದಲ್ಲಿ ಓಡಾಡುವ ದಾರಿಯ ಪಕ್ಕದ ಸೀಟನ್ನೇ ಕೇಳಿ ತಗೋ. ನೀರು ಕುಡಿ, ಆಗಾಗ ಎದ್ದು ನಡೆದಾಡು, ಯಾರಿಗೂ ಸಂಕೋಚಪಡಬೇಡ. ನೀನು ಬರುವ ಹೊತ್ತಿಗೆ ಭಾವ ಇರುತ್ತಾರೆ ಎಂದು ಬರೆಯಲು ಕೈ ಬರುತ್ತಿಲ್ಲ.

ನರ್ಸ್ ಕರೆಯುತ್ತಿದ್ದಾಳೆ, ಹೋಗುತ್ತೇನೆ.

ಅಕ್ಕ