ಹಿಮದ ಮೇಲೆ ಸಾಕಿದ ಪ್ರೋಟೀನು

ರೊಸಾರಿಯೊ,
ಜುಲೈ ೧

ಮುನಿಸಿಕೊಂಡು ನದಿಯಾಚೆ ತಂಗಿಯ ಮನೆ ಸೇರಿ, ಫೋನನ್ನೂ ಎತ್ತದಿರುವ ಪರಮಪೂಜ್ಯ ಡಾಕ್ಟೋರಾ ಓಫೇಲಿಯಾ ಅವರ ಪಾದಗಳಿಗೆ (ಈ ಜುಲೈ ಚಳಿಗೆ ಉಣ್ಣೆ ಕಾಲುಚೀಲ ಹಾಕಿದ್ದೀರಿ ತಾನೆ?) ಅವರ ಕೊನೆಯ ಹಾಗೂ ಅತ್ಯಂತ ಅವಿಧೇಯ ವಿದ್ಯಾರ್ಥಿನಿಯ ನಮಸ್ಕಾರಗಳು.

ನಮ್ಮ ಪ್ರಯೋಗಾಲಯ ಇನ್ನೂ ಬದುಕಿದೆ ಎಂದು ಅಧಿಕೃತವಾಗಿ ತಿಳಿಸಲು ಹರ್ಷಿಸುತ್ತೇನೆ. ಬಾಗಿಲ ಮೇಲಿನ ನಿಮ್ಮ ಹೆಸರಿನ ಫಲಕ ಬಿಚ್ಚಲು ರಿಪೇರಿಯವನು ಬಂದಿದ್ದ. ಸ್ಕ್ರೂಗಳಿಗೆ ನಾನು ಮುಂಚೆಯೇ ಅಂಟು ಸುರಿದಿದ್ದೆ. ಬಹಳ ಹೊತ್ತು ತಿರುವಿ, ಈ ಹೆಂಗಸು ಗೋಡೆಗೇ ಬೇರು ಬಿಟ್ಟಿದ್ದಾಳೆ ಎಂದು ಗೊಣಗುತ್ತಾ ಹೋದ.

ಇನ್ನು ದುಃಖದ ಸುದ್ದಿ. ಮುಂದಿನ ಸೋಮವಾರ ಸಮಿತಿ ಸೇರಿ ನಮ್ಮ ಕೋಣೆ ಮುಚ್ಚುವ ವಿಷಯ ತೀರ್ಮಾನಿಸುತ್ತದೆ. ಹೊಸ ನಿರ್ದೇಶಕ ಬರಾಗನ್ ಅವರ ವಾದ ಹಳೆಯದೇ. ಚಾಗಸ್ ರೋಗದ ಪರಾವಲಂಬಿ ಹೊದ್ದಿರುವ ಆ ಪ್ರೋಟೀನು ಸಕ್ಕರೆಯ ಸರಪಳಿಗಳನ್ನು ಹೊತ್ತಿದೆ ಎಂದು ನೀವು ಜೀವಮಾನವಿಡೀ ಹೇಳಿದಿರಿ. ಪ್ರೋಟೀನುಗಳನ್ನು ಅಳತೆಯಂತೆ ಬೇರ್ಪಡಿಸುವ ಜೆಲ್ ಮೇಲೆ, ಚೊಕ್ಕ ಗೆರೆ ಇರಬೇಕಾದಲ್ಲಿ, ಕಂಡದ್ದು ಮಾತ್ರ ಒಂದು ಮಸುಕು ಕಲೆ. ಒಂದೊಂದು ಅಣು ಒಂದೊಂದು ಅಳತೆಯ ಸಕ್ಕರೆ ಹೊತ್ತಿರುವುದರಿಂದಲೇ ಗೆರೆ ಹರಡಿ ಕಲೆಯಾಗಿದೆ ಎಂದು ನೀವು. ಬರೀ ಕೊಳೆ ಎಂದು ಅವರು. ನಿಮ್ಮ ಮಾತು ನಿಜವಾದರೆ ಸಕ್ಕರೆ ಹೋದೊಡನೆ ಕಲೆ ಒಂದೇ ಗೆರೆಯಾಗಬೇಕು; ಆದರೆ ಸಕ್ಕರೆ ಕತ್ತರಿಸುವ ಕಿಣ್ವ ಹಾಕಿದಾಗಲೆಲ್ಲ ಅದು ಕದಲದೆ ಕೂತು ನಮ್ಮ ಮಾನ ಕಳೆಯಿತು.

ಮೊನ್ನೆ ಅವರೇ ಬಂದರು. ನಾನು ಹಜಾರದ ಮೂಲೆಯಲ್ಲಿ ಮಾಟೆ ಕಷಾಯಕ್ಕೆ ನೀರು ಕಾಯಲಿಟ್ಟಿದ್ದೆ. ನಾನು ನಿಮ್ಮನ್ನು ಬಿಟ್ಟು ಅವರ ತಂಡ ಸೇರಲು ಸಹಿ ಹಾಕಬೇಕಂತೆ; ಇಲ್ಲದಿದ್ದರೆ ನನ್ನ ಪಿಎಚ್.ಡಿ. ಅಲ್ಲಿಗೇ ಮುಗಿಯಿತಂತೆ.

"ನೋಡು ಮಗಳೇ, ಆ ಮುದುಕಿ ಜೊತೆ ನೀನೂ ಯಾಕೆ ಮುಳುಗ್ತೀಯಾ?" ಅಂದರು.

"ಮುಳುಗೋಕೆ ನಾವೇನು ದೋಣೀಲಿದೀವಾ ಸರ್? ಇದು ಎರಡನೇ ಮಹಡಿ," ಅಂದೆ.

ಪೆನ್ನು ಚಾಚಿದರು. ಅದನ್ನು ಭಯಭಕ್ತಿಯಿಂದ ಸ್ವೀಕರಿಸಿ ಜಡೆಗೆ ಸಿಕ್ಕಿಸಿಕೊಂಡೆ. ಈ ಗಲಾಟೆಯಲ್ಲಿ ಕೆಟಲ್ ಕುದಿದು ಉಕ್ಕಿತು.

"ನೀರನ್ನೂ ಹಾಳು ಮಾಡಿದ್ಯಲ್ಲ. ಮಾಟೆಗೆ ನೀರು ಕಾಯಿಸೋಕೂ ಬರ್ದಿರೋರು ವಿಜ್ಞಾನ ಮಾಡ್ತಾರಂತೆ," ಎಂದು ಹೊರಟುಹೋದರು.

ಡಾಕ್ಟೋರಾ, ನೀರಿನ ವಿಷಯದಲ್ಲಿ ಅವರು ಹೇಳಿದ್ದು ನಿಜವೇ. ಕುದಿದ ನೀರು ಬಿದ್ದರೆ ಎಲೆ ಸುಟ್ಟು ಕಹಿಯಾಗುತ್ತದೆಂದು ಇಲ್ಲಿ ಕೂಸಿಗೂ ಗೊತ್ತು. ಆ ನೀರನ್ನು ನಾನು ಚೆಲ್ಲಲಿಲ್ಲ ಎಂದಷ್ಟೇ ಹೇಳುತ್ತೇನೆ. ಉಳಿದದ್ದು ಬರೆದರೆ ನಿಮ್ಮ ರಕ್ತದೊತ್ತಡ ಏರೀತು.

ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಸೋಮವಾರ ನೀವು ಬರದಿದ್ದರೆ ನಿಮ್ಮ ಕೋಟು ತೊಟ್ಟು, ನಿಮ್ಮಂತೆಯೇ ಹುಬ್ಬು ಗಂಟಿಕ್ಕಿ, ನಿಮ್ಮ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಆ ಅನಾಹುತ ತಪ್ಪಿಸಲಾದರೂ ಬನ್ನಿ.

ನಿಮ್ಮ ಮೊಂಡು ಶಿಷ್ಯೆ,
ಯಾನಿನಾ

ಮರೆತ ಮಾತು: ನಿಮ್ಮ ಪ್ರೋಟೀನನ್ನು ಕುದಿಸಿಬಿಟ್ಟೆ. ಹೌದು, ಹಿಮದ ಮೇಲಿಂದ ಒಂದು ಕ್ಷಣ ಎತ್ತಿದರೂ ನೀವು ಕಿರುಚುತ್ತಿದ್ದಿರಲ್ಲ, ಅದನ್ನೇ. ಕೊಳವೆ ಸಮೇತ ಆ ಹಾಳಾದ ನೀರಿನಲ್ಲೇ. ಮಾಡಿದ್ದು ಸಿಟ್ಟಿಗೆ. ಆಮೇಲೆ ತಣಿಸಿ ಕಿಣ್ವ ಹಾಕಿದೆ. ನಾವು ಮುದ್ದು ಮಾಡಿದಷ್ಟೂ ಮುದುಡಿಕೊಂಡು ಸಕ್ಕರೆಯನ್ನು ಮಡಿಲಲ್ಲಿ ಬಚ್ಚಿಟ್ಟಿತ್ತು ಕಳ್ಳ. ಬಿಸಿ ತಾಗಿದ್ದೇ ಬಿಚ್ಚಿಕೊಂಡಿತು. ಇವತ್ತು ಬೆಳಿಗ್ಗೆ ಜೆಲ್ ತೊಳೆದು ನೋಡಿದರೆ ಕಲೆ ಇಲ್ಲ. ಕೆಳಗೆ ಒಂದೇ ಗೆರೆ, ಚೊಕ್ಕವಾಗಿ. ಕಿಣ್ವ ಹಾಕದೆ ಬರೀ ಕುದಿಸಿದ್ದು ಪಕ್ಕದಲ್ಲೇ ಕಲೆಯಾಗಿ ನಿಂತಿದೆ; ಅಂದರೆ ಕಲೆ ಅಳಿಸಿದ್ದು ಬರೀ ಬಿಸಿಯಲ್ಲ, ಸಕ್ಕರೆ ಕತ್ತರಿಸಿದ ಕಿಣ್ವ. ನೀವು ಕೇಳುವ ಮೊದಲೇ ಹೇಳಿದೆ. ಬರಾಗನ್ ಅವರಿಗೆ ತೋರಿಸಿಲ್ಲ, ಅದು ನಿಮ್ಮ ಕೆಲಸ. ಅವರ ಪೆನ್ನು ಇನ್ನೂ ನನ್ನ ಜಡೆಯಲ್ಲೇ ಇದೆ. ಸೋಮವಾರ ಆ ಗೆರೆಯ ಪಕ್ಕ ನೀವು ಆ ಪೆನ್ನಿನಿಂದಲೇ ನಿಮ್ಮ ಹೆಸರು ಬರೆಯಿರಿ.