ವಕೀಲರಿಗೆ ಹುಷಾರಿಲ್ಲ

೨೦ ಫೆಬ್ರವರಿ ೨೦೦೭, ಮಂಗಳವಾರ

ಗಾರ್ಮೆಂಟ್ಸ್‌ನಿಂದ ಬಂದು ಮುಖ ತೊಳೆದೆ. ಮತ್ತೆ ಚಪ್ಪಲಿ ಮೆಟ್ಟಿ ಮಾರೇನಹಳ್ಳಿಗೆ, ವಿಶ್ವಾರಾಧ್ಯ ಸರ್ ಆಫೀಸಿಗೆ. ನನ್ನ ಕೇಸು ಅವರ ಹತ್ತಿರವೇ. ದುಂಡೇಶ ಮಗಳು ಚೈತನ್ಯಾಳನ್ನು ಕೆಂಗೇರಿಗೆ ಕರೆದುಕೊಂಡು ಹೋಗಿ ನನಗೆ ಬಾಗಿಲು ಹಾಕಿದ ಮೇಲೆ, ಮಗಳಿಗಾಗಿ ಹೂಡಿದ ಕೇಸು. ಅವನಿನ್ನೂ ನನ್ನ ಗಂಡನೇ, ಕಾಗದದಲ್ಲಿ.

ಆಫೀಸಿಗೆ ಬೀಗ. ಪಕ್ಕದ ಜೆರಾಕ್ಸ್ ಅಂಗಡಿಯ ಕೊಟ್ರಪ್ಪ ಹೇಳಿದ — "ಗೊತ್ತಿಲ್ವಾ ಸಿಸ್ಟರ್? ನಿಮ್ ಸರ್‌ಗೆ ಎರಡು ವರ್ಷ ಶಿಕ್ಷೆ ಆಯ್ತು. ಸತ್ತೋದೋನ ಹೆಸ್ರಲ್ಲಿ ಇನ್ನೊಬ್ಬನ್ನ ನಿಲ್ಸಿ ಜಾಮೀನು ಕೊಡ್ಸಿದ್ರಂತೆ. ಅಪೀಲ್ ಹಾಕಿ ಬೇಲ್ ಮೇಲಿದಾರೆ. ವಕೀಲ್ರಿಗೇ ಬೇಲು ನೋಡಿ!"

ಅವನು ನಕ್ಕ. ನಾನು ಬಸ್ ಸ್ಟಾಪಿಗೆ ನಡೆದೆ.

೨೨ ಆಗಸ್ಟ್, ಬುಧವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಬರೆಯುವುದೇನು... ಡೇಟು, ಮತ್ತೆ ಡೇಟು.

ಇವತ್ತು ತಿಳಿಯಿತು. ಶಿಕ್ಷೆಯಾದ ವಕೀಲರೆಂದು ಬಾರ್ ಕೌನ್ಸಿಲ್‌ನವರು ಸರ್ ಮೇಲೆ ವಿಚಾರಣೆ ನಡೆಸಿ, ಸನ್ನದನ್ನು ಮೂರು ವರ್ಷ ತಡೆದಿದ್ದಾರೆ. ಕೋಟು ಹಾಕುವಂತಿಲ್ಲ. ಯಾರ ಪರವಾಗಿಯೂ ಕೋರ್ಟಿನಲ್ಲಿ ನಿಲ್ಲುವಂತಿಲ್ಲ.

ಕಲಾವತಿ ಮೇಡಂ ಎಂಬ ಇನ್ನೊಬ್ಬ ವಕೀಲರು ಒಪ್ಪಿದರು. ಆದರೆ — "ಹಳೇ ವಕೀಲ್ರ ಹತ್ರ ನೋ ಅಬ್ಜೆಕ್ಷನ್ ಸೈನ್ ಹಾಕಿಸ್ಕೊಂಡ್ ಬಾಮ್ಮ. ಅದಿಲ್ದೆ ನಾನು ಕೈ ಹಾಕಲ್ಲ."

ಇಂಗ್ಲಿಷ್ ಕಾಗದ ಕೊಟ್ಟರು. ನನ್ನದು ನಾಲ್ಕನೇ ಇಯತ್ತೆ ಕನ್ನಡ. ಸುಮ್ಮನೆ ಮಡಚಿಟ್ಟುಕೊಂಡೆ.

ಮೂಡಲಪಾಳ್ಯದ ಮನೆಗೆ ಬಂದರೆ ಅವ್ವ — "ಹೋಗಿ ಕೇಳ! ಬಾಯಾಗ ಅವಲಕ್ಕಿ ತುಂಬ್ಕೊಂಡಿಯೇನ?"

೨೬ ಆಗಸ್ಟ್, ಭಾನುವಾರ

ಆರ್‌ಪಿಸಿ ಲೇಔಟ್, ಸರ್ ಮನೆ. ಇಸ್ತ್ರಿ ಮಾಡಿದ ಕೋಟು ಕುರ್ಚಿಯ ಬೆನ್ನಿಗೆ. ಕಾಗದವನ್ನು ಮೇಜಿನ ಮೇಲಿಟ್ಟೆ. ಅವರೇ ಓದಿಕೊಂಡರು.

"ಡೆಲ್ಲಿ ಬಾರ್ ಕೌನ್ಸಿಲ್‌ಗೆ ಅಪೀಲ್ ಹಾಕಿದೀನಿ ಕಣಮ್ಮ. ಸ್ಟೇ ಬಂದ್ಬಿಡತ್ತೆ. ಈಗ ಸೈನ್ ಹಾಕಿದ್ರೆ, ನನ್ನ ಕಥೆ ಮುಗೀತು ಅಂತ ನಾನೇ ಬರ್ದು ಕೊಟ್ಟಂಗಲ್ವಾ? ಡೇಟ್ ದಿವ್ಸ ನೀನೇ ಎದ್ದು ನಿಂತು, ವಕೀಲರಿಗೆ ಹುಷಾರಿಲ್ಲ, ಇನ್ನೊಂದು ಡೇಟ್ ಕೊಡಿ ಅನ್ನು. ಅಷ್ಟೇ."

ಹೂಂ ಅಂದೆ. ಹೂಂ ಬಿಟ್ಟರೆ ನನಗೆ ಇನ್ನೇನು ಬರುತ್ತದೆ.

ಮೊದಲ ಸಲ ಕೋರ್ಟಿಗೆ ಹೋದಾಗ ದುಂಡೇಶ ವರಾಂಡದಲ್ಲಿ ಮೈಮೇಲೆ ಏರಿ ಬಂದಿದ್ದ. ಸರ್ ನಡುವೆ ನಿಂತು, "ಏನಿದ್ರೂ ನನ್ ಹತ್ರ ಮಾತಾಡಯ್ಯ" ಅಂದಿದ್ದರು. ನನ್ನ ಅಪ್ಪನೂ ನನಗಾಗಿ ಹಾಗೆ ನಿಂತವನಲ್ಲ.

ಕಾಗದ ಅಲ್ಲೇ ಬಿಟ್ಟು ಬಂದೆ.

೨೬ ಸೆಪ್ಟೆಂಬರ್, ಬುಧವಾರ

ಸುಸ್ತು. ಆದರೂ ಬರೆಯುತ್ತೇನೆ.

ಸರ್ ಕೋರ್ಟಿಗೆ ಬಂದಿದ್ದರು. ಬಿಳಿ ಶರ್ಟು, ಕೋಟಿಲ್ಲ. ಹಿಂದೆ, ನಮ್ಮಂಥವರ ಬೆಂಚಿನಲ್ಲಿ. ಅಟೆಂಡರ್ ಬೇಕೆಂದೇ "ಸ್ವಲ್ಪ ಜರುಗಿ ಯಜಮಾನ್ರೇ" ಅಂದ. ಜರುಗಿದರು.

ಹೆಸರು ಕೂಗಿದರು. ಎದ್ದೆ.

"ವಕೀಲರೆಲ್ಲಮ್ಮ?" ಜಡ್ಜ್ ಸಾಹೇಬರು ಕೇಳಿದರು.

"ವಕೀಲರಿಗೆ..." ಅಂದೆ. ಮುಂದೆ ಬರಲಿಲ್ಲ. ಹುಷಾರಿಲ್ಲ ಅಂದರೆ ದಸರಾ, ದೀಪಾವಳಿ ಎರಡೂ ಕಳೆಯುತ್ತವೆ. ಮಗಳು ಇನ್ನಷ್ಟು ಮರೆಯುತ್ತಾಳೆ. ಆಚೆ ಬದಿಗೆ ದುಂಡೇಶ ಆಗಲೇ ಹೊರಡುವವನಂತೆ ಹೆಲ್ಮೆಟ್ ಕೈಗೆ ತೆಗೆದುಕೊಂಡ.

"ವಕೀಲರ ಸನ್ನದು ತಡದಾರ್ರೀ. ನನಗೀಗ ವಕೀಲರಿಲ್ರೀ."

ಹಿಂದೆ ಬೆಂಚು ಕಿರ್ರೆಂದಿತು. ನಾನು ತಿರುಗಲಿಲ್ಲ.

"ಇದು ಫ್ಯಾಮಿಲಿ ಕೋರ್ಟಮ್ಮ, ನೀವೇ ಮಾತಾಡಬಹುದು. ಏನು ಬೇಕು?"

"ಮಗಳ್ನ ನೋಡ್ಬೇಕ್ರೀ."

ಅಷ್ಟೇ. ಇಷ್ಟು ದಿನ ಮನಸ್ಸಿನಲ್ಲೇ ಎಷ್ಟೆಲ್ಲ ಜೋಡಿಸಿಕೊಂಡಿದ್ದೆ. ಪ್ರತಿ ಶನಿವಾರ ಮಗುವನ್ನು ಕೋರ್ಟಿನ ಮಕ್ಕಳ ಕೋಣೆಗೆ ಕರೆತರಬೇಕು ಎಂದು ಸಾಹೇಬರು ಬರೆಸಿದರು.

ಒಂದೇ ಬಸ್ಸು. ನಾನು ಮುಂದೆ, ಸರ್ ಹಿಂದೆ. ವಿಜಯನಗರದಲ್ಲಿ ಇಳಿದು, ಕಿಟಕಿಯ ಪಕ್ಕದಲ್ಲೇ ನಡೆದು ಹೋದರು. ತಲೆ ಎತ್ತಲಿಲ್ಲ. ಸುಳ್ಳು ಹೇಳಲಿಲ್ಲ ನಾನು. ಆದರೂ ಯಾರನ್ನೋ ಬೀದಿಯಲ್ಲಿ ನಿಲ್ಲಿಸಿ ಬಂದ ಹಾಗಿದೆ.

೨೯ ಸೆಪ್ಟೆಂಬರ್, ಶನಿವಾರ, ಬೆಳಿಗ್ಗೆ ಹನ್ನೊಂದು

ಮಕ್ಕಳ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲಾಗುತ್ತಿಲ್ಲ.

ಗೇಟಿನಲ್ಲಿ ಸರ್ ಇದ್ದರು. ಟೈಪಿಸ್ಟ್ ಪಕ್ಕ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕೈ ಮುಗಿದೆ. ನೋಡಲಿಲ್ಲ. ದಾಟಿದ ಮೇಲೆ ಬೆನ್ನ ಹಿಂದಿನಿಂದ —

"ಸೈನ್ ಹಾಕಿ ಕಲಾವತಿಗೆ ಕಳ್ಸಿದೀನಿ."

ನಿಂತೆ. ತಿರುಗಿದೆ.

"ಮಗುಗೆ ತಿನ್ನೋಕೆ ಏನ್ ತಂದಿದೀಯಾ?"

"ಏನೂ ಇಲ್ಲ ಸರ್..."

"ಬರಿಗೈಲಿ ಬರ್ತಾರೇನಮ್ಮ! ಹೋಗು, ಅಲ್ಲಿ ಬೇಕರಿ ಇದೆ."

ಬನ್ನು ತಂದೆ. ಮಡಿಲಲ್ಲಿದೆ. ಅವಳು ಅವ್ವ ಅಂತಾಳೋ, ಆಂಟಿ ಅಂತಾಳೋ.

ಮೆಟ್ಟಿಲಲ್ಲಿ ದುಂಡೇಶನ ದನಿ. "ಒಳಗೆ ಯಾರದಾರ ನೋಡು, ಹೋಗು" ಅಂತಿದ್ದಾನೆ. ಸಣ್ಣ ಚಪ್ಪಲಿಯ ಟಪಟಪ. ಬಾಗಿಲ ಹತ್ತಿರ ನಿಂತಿತು. ಪರದೆಯ ಕೆಳಗೆ ಎರಡು ಪುಟ್ಟ ಪಾದ —