ಸೇತುವೆ ಮುಚ್ಚಿದಾಗ ಬರುವ ಪಡೆ

ಪ್ರೀತಿಯ ಭಾವನವರಿಗೆ,

ನಮಸ್ಕಾರ. ಹೋದ ತಿಂಗಳು ಹಳೇ ರಾಜರ ಆ ಯುದ್ಧದಾಟ ಅರ್ಧದಲ್ಲಿರುವಾಗಲೇ ನೀವು ಸಿಟ್ಟಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟಿರಲ್ಲ, ಆ ಆಟದ ಹಲಗೆ ಇನ್ನೂ ಊಟದ ಮೇಜಿನ ಮೇಲೇ ಇದೆ. ನಾವು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೇವೆ.

ನಿನ್ನೆ ಅಕ್ಕ ಒಬ್ಬಳೇ ಬಂದಿದ್ದಳು. "ಆ ರಾಜರೆಲ್ಲ ಸತ್ತು ಮಣ್ಣಾದ್ರು, ನಿಮ್ಮ ಜಗಳ ಮಾತ್ರ ಸಾಯ್ಲಿಲ್ಲ! ಕೊಡು ಇಲ್ಲಿ ಆ ಆಟದ ಪುಸ್ತಕ" ಎಂದು ನಿಯಮವನ್ನು ಗಟ್ಟಿಯಾಗಿ ಓದಿದಳು. ಸೇತುವೆಯ ಮೇಲೆ ಶತ್ರು ನಿಂತಿದ್ದರೆ ಸಹಾಯಕ್ಕೆ ಬರುವ ಪಡೆ ಹೊರಗೇ ಕಾಯಬೇಕು. ನಿಮ್ಮ ಕುದುರೆಗಳನ್ನು ತಡೆದಾಗ ನಾನು ಹೇಳಿದ್ದೂ ಅದನ್ನೇ. ಆದರೆ ಅಕ್ಕ ಹಾಳೆ ತಿರುವಿದಳು. ಅಲ್ಲಿ ನಿಯಮ ಮುಂದುವರಿದಿತ್ತು: ಇಲ್ಲವೇ ಪಕ್ಕದ ಚೌಕದಲ್ಲಿ ನದಿ ದಾಟಿ ಬರಬಹುದು, ಆದರೆ ಆ ಸರದಿಯಲ್ಲಿ ಹೊಡೆದಾಡುವಂತಿಲ್ಲ.

"ಅರ್ಧ ಓದಿ ವಾದಿಸಿದೋನು ನೀನು, ಏನೂ ಓದದೆ ಕೂಗಾಡಿದೋರು ನಮ್ಮನೆಯವರು. ಒಳ್ಳೇ ಸೇನಾಪತಿಗಳು!" ಎಂದು ನಕ್ಕಳು.

ನಿಮ್ಮ ಎರಡೂ ಕುದುರೆಗಳನ್ನು ನದಿ ದಾಟಿಸಿ ಇಟ್ಟಿದ್ದೇನೆ. ನನ್ನ ಕೋಟೆಗೆ ಈಗ ಕಷ್ಟವಿದೆ.

ಇನ್ನೊಂದು ಮಾತು. ಸೋಮವಾರ ನನ್ನ ಸೈಕಲ್ ರಿಪೇರಿ ಅಂಗಡಿ ತೆರೆಯಬೇಕು. ಷಟರ್ ಬಂದು ಗೋಡೆಗೆ ಒರಗಿ ನಿಂತಿದೆ, ಬೆಸೆದು ಕೂರಿಸುವುದು ಬಾಕಿ. ಹುಡುಕಿದರೆ ಬೇರೆ ವೆಲ್ಡರ್ ಸಿಕ್ಕಾನು. ಆದರೆ ನಿಮ್ಮ ಕೈಯ ಬೆಸುಗೆ ಇಲ್ಲದ ಅಂಗಡಿಯಲ್ಲಿ ಕೂರಲು ನನಗೆ ಮನಸ್ಸಿಲ್ಲ. ಭಾನುವಾರ ಬೆಳಿಗ್ಗೆ ನಿಮ್ಮ ಯಂತ್ರ ಹೊತ್ತುಕೊಂಡು ನೇರ ಅಂಗಡಿಗೇ ಬನ್ನಿ. ಬಾಗಿಲು ತಟ್ಟುವುದು ಹೇಗೆಂಬ ಸಂಕೋಚ ಬೇಡ. ನೀವು ಬರುವ ತನಕ ಅದಕ್ಕೆ ಬಾಗಿಲೇ ಇರುವುದಿಲ್ಲ.

ಕಾಯುತ್ತಿರುವ,
ನಿಮ್ಮ ಭಾವಮೈದುನ